ಹೊಲಕ್ಕಿಳಿಯುವ ಪಾರಿವಾಳ: ದೀವದ ಹಕ್ಕಿ ಕಲಿಸುವ ಪಾಠ

ಕೆಲವು ವರ್ಷಗಳ ಹಿಂದಿನ ಮಾತು. ಡಿಸೆಂಬರ್ ತಿಂಗಳು. ಹೊಲಗದ್ದೆಯ ಹಕ್ಕಿಗಳ ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮವೊಂದನ್ನು ತಯಾರಿಸಲು ನಾವು ಮೂಡಲಗಿಯ ಕಡೆ ಹೋಗಿದ್ದೆವು. ಪಾರಿವಾಳಗಳ ಹಿಂಡು ಆಕಾಶದಿಂದ ತಿರುಗಿ ಹೊಲಕ್ಕೆ ಇಳಿಯುವ ಒಂದು ದೃಶ್ಯ ನಮಗೆ ಬೇಕಾಗಿತ್ತು. ಗೋವಿನಜೋಳ ಕಟಾವಾದ ಹೊಲವೊಂದನ್ನು ಆರಿಸಿ, ಎರಡು ಸೇರು ಕಾಳು ಚೆಲ್ಲಿ, ಕಣಿಕೆಯ ಬಣವೆಯ ಮರೆಯಲ್ಲಿ ಕ್ಯಾಮೆರಾ ಇಟ್ಟು ಕುಳಿತೆವು. ಎರಡು ಮುಂಜಾವು ಕಳೆದವು. ಹಿಂಡುಗಳು ತಲೆಯ ಮೇಲೆ ಹಾದುಹೋದವೇ ಹೊರತು ಒಂದು ಹಕ್ಕಿಯೂ ಇಳಿಯಲಿಲ್ಲ.

ಪಕ್ಕದ ಬಿಳಿಜೋಳದ ಹೊಲದಲ್ಲಿ ಅಟ್ಟದ ಮೇಲೆ ಕವಣೆ ಹಿಡಿದು ನಿಂತಿದ್ದ ಹುಡುಗನೊಬ್ಬ ನಮ್ಮ ಪಾಡು ನೋಡಿ ನಗುತ್ತಿದ್ದ. ಮೂರನೆಯ ದಿನ ತಾನೇ ಕೆಳಗಿಳಿದು ಬಂದ. "ಸಾಹೇಬ್ರ, ಕಾಳ ಚೆಲ್ಲಿದ್ರ ಏನಾತ್ರಿ? ಮೊದಲ ಒಂದ ಹಕ್ಕಿ ಇಳೀಬೇಕು. ಅದು ಇಳದ್ರ ಎಲ್ಲಾ ಇಳೀತಾವ" ಎಂದ. ಬದುವಿನ ಮೇಲೆ ಬಿದ್ದಿದ್ದ ಹಳೆಯ ಸೈಕಲ್ ಟೈರಿನ ತುಂಡುಗಳು, ಬೂದಿ ಬಣ್ಣದ ಮಣ್ಣಿನ ಹೆಂಟೆಗಳು, ಎರಡು ಹರಿದ ಚಪ್ಪಲಿ, ಇಷ್ಟನ್ನು ಕಾಳಿನ ಸುತ್ತ ಅಲ್ಲಲ್ಲಿ ಇಟ್ಟ. ಹತ್ತಿರದಿಂದ ನೋಡಿದರೆ ಕಸ. ಐವತ್ತು ಹೆಜ್ಜೆ ದೂರದಿಂದ ನೋಡಿದರೆ ತಲೆ ತಗ್ಗಿಸಿ ಮೇಯುತ್ತಿರುವ ಹಕ್ಕಿಗಳು! ಅರ್ಧ ಗಂಟೆಯೊಳಗೆ ಮೂರು ಪಾರಿವಾಳಗಳು ಸುತ್ತು ಹೊಡೆದು ಇಳಿದವು. ಅವುಗಳ ಹಿಂದೆ ಇಡೀ ಹಿಂಡು ಬಂತು. ನಮ್ಮ ದೃಶ್ಯ ಸಿಕ್ಕಿತು.

ಸಂತೋಷದಿಂದ ಅವನನ್ನು ಕೇಳಿದೆ: "ಎಷ್ಟನೇತ್ತೆ ತಮ್ಮಾ?" "ಒಂಬತ್ತನೇತ್ತೆ ರಿ." "ಇವತ್ತ ಸಾಲಿ ಇಲ್ಲೇನು?" ಅವನು ಜೋಳದ ಕಡೆ ನೋಡಿದ. "ಸಾಲಿ ಐತ್ರಿ. ತೆನಿ ಹಾಲ್ಗಾಳಾಗ್ಯಾವು, ಹಕ್ಕಿ ಕಾಯೂದೈತಿ. ಹದಿನೈದ ದಿನ ಆತ್ರಿ ಹೋಗಿಲ್ಲ."

ಈ ಲೇಖನ ಆ ಹುಡುಗನ ಎರಡು ಮಾತುಗಳ ಬಗ್ಗೆ. ಒಂದು, ಮೊದಲು ಇಳಿಯುವ ಹಕ್ಕಿಯ ಬಗ್ಗೆ ಅವನಿಗಿದ್ದ ತಿಳಿವಳಿಕೆ. ಇನ್ನೊಂದು, ಶಾಲೆಗೆ ಹೋಗದೆ ಕಳೆದ ಅವನ ಹದಿನೈದು ದಿನ. ಇವೆರಡಕ್ಕೂ ಸಂಬಂಧವಿದೆ.

ದೀವ ಎಂದರೇನು?

ಹಕ್ಕಿಯನ್ನೋ ಮೃಗವನ್ನೋ ನಂಬಿಸಿ ಹತ್ತಿರಕ್ಕೆ ಕರೆಯಲು ಇಡುವ ಸಾಕಿದ ಪ್ರಾಣಿಗೆ ಅಥವಾ ಬೊಂಬೆಗೆ ಇಂಗ್ಲಿಷಿನಲ್ಲಿ ಡಿಕಾಯ್ ಎನ್ನುತ್ತಾರೆ. ಕನ್ನಡಕ್ಕೆ ಇದು ಹೊಸ ವಿಷಯವಲ್ಲ. ನಮ್ಮ ಹಳೆಯ ಕಾವ್ಯಗಳಲ್ಲಿ ಬೇಟೆಯ ವರ್ಣನೆ ಬಂದಾಗ 'ದೀವ', 'ದೀಹ' ಎಂಬ ಮಾತುಗಳು ಕಾಣುತ್ತವೆ. ಕಾಡಿನ ಜಿಂಕೆಯನ್ನು ಸೆಳೆಯಲು ಬೇಟೆಗಾರ ಪಳಗಿಸಿಟ್ಟುಕೊಂಡ ಜಿಂಕೆಯೇ ದೀವದ ಮೃಗ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಬೇಟೆಯ ಭಾಗದಲ್ಲಿ ಇಂಥ ಮೃಗದ ಬಳಕೆಯ ಮಾತಿದೆ. ಅದೇ ಗ್ರಂಥದಲ್ಲಿ ಅರಮನೆಯ ವಿನೋದಗಳ ಪೈಕಿ ಪಾರಿವಾಳಗಳ ವಿನೋದವೂ ಒಂದು.

ಬಯಲುಸೀಮೆಯಲ್ಲಿ ಬೇಟೆಯನ್ನೇ ಬದುಕಾಗಿಸಿಕೊಂಡಿದ್ದ ಅಲೆಮಾರಿ ಜನ ಪಂಜರದಲ್ಲಿ ಸಾಕಿದ ಗೌಜಲ ಹಕ್ಕಿಯನ್ನು ಹೊಲದಲ್ಲಿಟ್ಟು ಕೂಗಿಸುತ್ತಿದ್ದರು. ತನ್ನ ಜಾಗಕ್ಕೆ ಬೇರೊಂದು ಬಂದಿದೆ ಎಂದು ಕಾಡಿನ ಗೌಜಲ ಜಗಳಕ್ಕೆ ಬಂದು ಬಲೆಗೆ ಬೀಳುತ್ತಿತ್ತು. ಪಾರಿವಾಳ ಸಾಕುವ ಹುಡುಗರನ್ನು ಕೇಳಿ ನೋಡಿ. ಮೇಲೆ ಹಾರುತ್ತಿರುವ ಹಿಂಡನ್ನು ಇಳಿಸಬೇಕಾದರೆ ಮನೆಯ ಮಾಳಿಗೆಯ ಮೇಲೆ ಒಂದು ಪಾರಿವಾಳವನ್ನು ಬಿಟ್ಟು ರೆಕ್ಕೆ ಬಡಿಯುವಂತೆ ಮಾಡುತ್ತಾರೆ. ಅದನ್ನು ಕಂಡು ಹಿಂಡು ಇಳಿಯುತ್ತದೆ. ಇದೂ ದೀವವೇ.

ಇಂಗ್ಲೆಂಡಿನಲ್ಲಿ ವುಡ್ ಪಿಜನ್ ಎಂಬ ದೊಡ್ಡ ಪಾರಿವಾಳ ಎಲೆಕೋಸು, ಬಟಾಣಿ, ಎಣ್ಣೆಕಾಳಿನ ಹೊಲಗಳಿಗೆ ಭಾರಿ ನಷ್ಟ ಮಾಡುತ್ತದೆ. ಅಲ್ಲಿನ ರೈತರು ಹೊಲದಲ್ಲಿ ಪಾರಿವಾಳದ ಬೊಂಬೆಗಳನ್ನಿಟ್ಟು, ಇಳಿಯುವ ಹಕ್ಕಿಗಳನ್ನು ಕಾನೂನಿನ ಚೌಕಟ್ಟಿನಲ್ಲಿ ಬಂದೂಕಿನಿಂದ ಹೊಡೆಯುತ್ತಾರೆ. ನಮ್ಮ ದೇಶದ ಕಾನೂನು ಬೇರೆ. ಅದರ ಮಾತು ಮುಂದೆ ಬರುತ್ತದೆ. ಆದರೆ ಬೊಂಬೆಯನ್ನು ಕಂಡು ಹಕ್ಕಿ ಏಕೆ ಇಳಿಯುತ್ತದೆ ಎಂಬ ಪ್ರಶ್ನೆ ಎಲ್ಲ ದೇಶದ ವಿದ್ಯಾರ್ಥಿಗಳಿಗೂ ಒಂದೇ.

ಹಕ್ಕಿ ಏಕೆ ನಂಬುತ್ತದೆ?

ಹಾರುತ್ತಿರುವ ಪಾರಿವಾಳಕ್ಕೆ ಎರಡು ಚಿಂತೆ. ಕೆಳಗೆ ಆಹಾರ ಇದೆಯೆ? ಕೆಳಗೆ ಅಪಾಯ ಇದೆಯೆ? ಚದುರಿಬಿದ್ದ ಕಾಳು ಮೇಲಿನಿಂದ ಸುಲಭವಾಗಿ ಕಾಣುವುದಿಲ್ಲ. ಪೊದೆಯ ಹಿಂದಿನ ಬೆಕ್ಕೂ ಕಾಣುವುದಿಲ್ಲ. ಆದರೆ ನೆಮ್ಮದಿಯಾಗಿ ಮೇಯುತ್ತಿರುವ ಇನ್ನೊಂದು ಪಾರಿವಾಳ ಕಂಡರೆ ಎರಡು ಪ್ರಶ್ನೆಗೂ ಒಟ್ಟಿಗೇ ಉತ್ತರ ಸಿಕ್ಕಂತೆ. ಅಲ್ಲಿ ಆಹಾರ ಇದೆ, ಅಪಾಯ ಇಲ್ಲ. ನಾವು ಕೂಡ ಗೊತ್ತಿಲ್ಲದ ಊರಿನಲ್ಲಿ ಜನ ತುಂಬಿದ ಖಾನಾವಳಿಯನ್ನೇ ಹುಡುಕಿ ಹೋಗುವುದಿಲ್ಲವೆ?

ಹಿಂಡಿನಿಂದ ಇನ್ನೊಂದು ಲಾಭವಿದೆ. 1978ರಲ್ಲಿ ಕೆನ್‌ವರ್ಡ್ ಎಂಬ ಬ್ರಿಟಿಷ್ ವಿಜ್ಞಾನಿ ಒಂದು ಸ್ವಾರಸ್ಯಕರ ಅಧ್ಯಯನ ಪ್ರಕಟಿಸಿದರು. ಪಳಗಿಸಿದ ಗಾಸ್‌ಹಾಕ್ ಎಂಬ ದೊಡ್ಡ ಗಿಡುಗವನ್ನು ವುಡ್ ಪಿಜನ್‌ಗಳ ಮೇಲೆ ಬಿಟ್ಟು ಅದರ ಗೆಲುವು ಸೋಲುಗಳನ್ನು ಅವರು ಲೆಕ್ಕ ಹಾಕಿದರು. ಪಾರಿವಾಳ ಒಂಟಿಯಾಗಿದ್ದಾಗ ಸುಮಾರು 80 ಪಾಲು ದಾಳಿಗಳಲ್ಲಿ ಗಿಡುಗ ಗೆದ್ದಿತು. ಹಿಂಡಿನಲ್ಲಿ 50ಕ್ಕಿಂತ ಹೆಚ್ಚು ಹಕ್ಕಿಗಳಿದ್ದಾಗ ಅದರ ಗೆಲುವು 100ಕ್ಕೆ 10ಕ್ಕಿಂತಲೂ ಕೆಳಗಿಳಿಯಿತು. ಕಾರಣ ಸರಳ. ಹಲವು ಕಣ್ಣುಗಳಿದ್ದಾಗ ಯಾವುದೋ ಒಂದು ಕಣ್ಣು ಗಿಡುಗವನ್ನು ದೂರದಲ್ಲೇ ಕಾಣುತ್ತದೆ. ಒಂದು ಹಾರಿದರೆ ಎಲ್ಲವೂ ಹಾರುತ್ತವೆ. ಗಿಡುಗಕ್ಕೆ ಒಂದನ್ನು ಗುರಿ ಹಿಡಿಯುವುದೂ ಕಷ್ಟ. ನಮ್ಮ ಹೊಲಗಳಲ್ಲಿ ಬಿಜ್ಜು ಎರಗಿದಾಗ ಬೆಳವಗಳು ಒಟ್ಟಿಗೆ ಚಿಮ್ಮುವುದನ್ನು ನೀವು ಕಂಡಿರಬಹುದು.

ಹಾಗಾದರೆ ಹಕ್ಕಿ ಬೊಂಬೆಯಲ್ಲಿ ಏನನ್ನು ನೋಡುತ್ತದೆ? ಪೂರ್ತಿ ಹಕ್ಕಿಯನ್ನಲ್ಲ, ಕೆಲವು ಗುರುತುಗಳನ್ನು ಮಾತ್ರ. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡ ನಿಕೊ ಟಿನ್‌ಬರ್ಗನ್ ಕಡಲಕ್ಕಿಯ ಮರಿಗಳ ಮೇಲೆ ಪ್ರಯೋಗ ಮಾಡಿದ್ದರು. ತಾಯಿಯ ಕೊಕ್ಕಿನ ಮೇಲಿರುವ ಕೆಂಪು ಚುಕ್ಕೆಯನ್ನು ಕುಕ್ಕಿ ಮರಿ ಆಹಾರ ಬೇಡುತ್ತದೆ. ಬಿಳಿ ಪಟ್ಟೆಗಳಿರುವ ತೆಳುವಾದ ಕೆಂಪು ಕಡ್ಡಿಯನ್ನು ಹಿಡಿದಾಗ, ನಿಜವಾದ ತಲೆಯಂತೆಯೇ ಮಾಡಿದ ಬೊಂಬೆಗಿಂತ ಹೆಚ್ಚಾಗಿ ಮರಿ ಅದನ್ನು ಕುಕ್ಕಿತು! ಮರಿಯ ಪಾಲಿಗೆ ಆಕಾರಕ್ಕಿಂತ ಗುರುತು ಮುಖ್ಯ. ಹರಿದ ಚಪ್ಪಲಿಯೂ ಪಾರಿವಾಳವಾಗಿ ಕಂಡದ್ದರ ಗುಟ್ಟು ಇಲ್ಲಿದೆ.

ಆ ಗುರುತುಗಳಲ್ಲಿ ಬಹಳ ಮುಖ್ಯವಾದದ್ದು ಭಂಗಿ. ಇಂಗ್ಲಿಸ್ ಮತ್ತು ಐಸಾಕ್‌ಸನ್ ಎಂಬ ವಿಜ್ಞಾನಿಗಳು ಬ್ರೆಂಟ್ ಬಾತುಗಳ ಬೊಂಬೆಗಳನ್ನು ಬಗೆಬಗೆಯ ಭಂಗಿಯಲ್ಲಿಟ್ಟು ಪರೀಕ್ಷಿಸಿ 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ತಲೆ ತಗ್ಗಿಸಿ ಮೇಯುವ ಬೊಂಬೆಗಳ ಬಳಿ ಬಾತುಗಳು ಇಳಿದವು. ಕತ್ತೆತ್ತಿ ನಿಂತ ಬೊಂಬೆಗಳು ಹೆಚ್ಚಿದ್ದಲ್ಲಿ ಇಳಿಯಲು ಹಿಂಜರಿದವು. ಕತ್ತೆತ್ತುವುದು ಎಂದರೆ 'ಏನೋ ಅಪಾಯ ಕಂಡಿದೆ' ಎಂಬ ಸೂಚನೆ. 1984ರಲ್ಲಿ ಅವರೇ ವುಡ್ ಪಿಜನ್ ಕುರಿತ ಅಧ್ಯಯನವನ್ನೂ ಪ್ರಕಟಿಸಿದರು. ರೆಕ್ಕೆ ಬಿಚ್ಚಿ, ರೆಕ್ಕೆಯ ಬಿಳಿ ಪಟ್ಟೆ ಕಾಣುವಂತೆ ಇಟ್ಟ ಬೊಂಬೆಗಳಿಂದ ಪಾರಿವಾಳಗಳು ದೂರ ಸರಿದವು. ಆ ಪಟ್ಟೆ ಎದ್ದು ಕಾಣುವುದು ಹಕ್ಕಿ ಹಾರುವಾಗ.

ಅಂದರೆ ಒಂದೇ ಬೊಂಬೆ ಒಂದು ಭಂಗಿಯಲ್ಲಿ 'ಬಾ' ಎನ್ನುತ್ತದೆ, ಇನ್ನೊಂದು ಭಂಗಿಯಲ್ಲಿ 'ಹೋಗು' ಎನ್ನುತ್ತದೆ. ಕರೆಯುವ ವಿದ್ಯೆಯೂ ಓಡಿಸುವ ವಿದ್ಯೆಯೂ ಒಂದೇ ನಾಣ್ಯದ ಎರಡು ಮುಖಗಳು. ಹೊಲ ಕಾಯುವವರಿಗೆ ದೀವದ ವಿಷಯ ಉಪಯೋಗಕ್ಕೆ ಬರುವುದು ಇದರಿಂದಲೇ.

ನಮ್ಮ ಹೊಲದ ಅತಿಥಿಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಅಕ್ಕಪಕ್ಕದ ತಾಲ್ಲೂಕುಗಳು. ಮೂಡಲಗಿ ಮೊದಲು ಗೋಕಾಕ ತಾಲ್ಲೂಕಿನಲ್ಲೇ ಇತ್ತು. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ಸೀಮೆ ಇದು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಮತ್ತು ಧೂಪದಾಳದ ಒಡ್ಡಿನಿಂದ ಹೊರಟ ಕಾಲುವೆಗಳು ಈ ಭಾಗಕ್ಕೆ ನೀರು ತಂದವು. ನೀರಿನ ಹಿಂದೆ ಕಬ್ಬು ಬಂತು. ಧೂಪದಾಳದ ಹಿನ್ನೀರಿನ ಸುತ್ತಮುತ್ತ 1974ರಲ್ಲಿ ಘಟಪ್ರಭಾ ಪಕ್ಷಿಧಾಮ ಘೋಷಣೆಯಾಯಿತು.

ಊರ ಪಾರಿವಾಳದ ಮೂಲ ಮನೆ ಬಂಡೆಗಳ ಬಿರುಕು. ಗೋಕಾಕ ಜಲಪಾತದ ಬಳಿಯ ಕಲ್ಲಿನ ಗೋಡೆಗಳೂ, ಗುಡಿಗಳ ಗೋಪುರಗಳೂ, ಗಿರಣಿಗಳ ಸೂರುಗಳೂ ಅದಕ್ಕೆ ಒಂದೇ. ರಾತ್ರಿ ಅಲ್ಲಿ ತಂಗಿ ಬೆಳಿಗ್ಗೆ ಹಲವು ಕಿಲೋಮೀಟರ್ ದೂರದ ಹೊಲಗಳಿಗೆ ಹೋಗುತ್ತದೆ. ಎರಡು ಮೊಟ್ಟೆ ಇಟ್ಟು, ಗಂಡು ಹೆಣ್ಣು ಸೇರಿ ಸುಮಾರು 18 ದಿನ ಕಾವು ಕೊಡುತ್ತವೆ. ಗಂಟಲ ಚೀಲದಲ್ಲಿ ತಯಾರಾಗುವ ಹಾಲಿನಂಥ ಆಹಾರವನ್ನು ತಾಯಿ ತಂದೆ ಇಬ್ಬರೂ ಮರಿಗೆ ಉಣಿಸುತ್ತಾರೆ. ಮರಿಗೆ ಹುಳು ತರಬೇಕಾದ ಗುಬ್ಬಿಗೆ ಹುಳು ಸಿಗುವ ಕಾಲ ಬೇಕು. ಪಾರಿವಾಳಕ್ಕೆ ಕಾಳು ಸಾಕು. ಹಾಗಾಗಿ ಅದು ವರ್ಷದ ಬಹುಪಾಲು ಮರಿ ಮಾಡಬಲ್ಲದು.

ಪಾರಿವಾಳವೊಂದು ದಿನಕ್ಕೆ ಸುಮಾರು 30 ಗ್ರಾಂ ಕಾಳು ತಿನ್ನುತ್ತದೆ. ಆದರೆ ಅದು ನೆಲದಿಂದ ಆರಿಸಿ ತಿನ್ನುವ ಹಕ್ಕಿ. ಜೋಳದ ತೆನೆಗೆ ಜೋತುಬಿದ್ದು ತಿನ್ನುವುದರಲ್ಲಿ ಜಾಣನಲ್ಲ. ಅದರ ಕಾಟ ಬಿತ್ತನೆಯ ದಿನ ಮತ್ತು ಕಣದಲ್ಲಿ ರಾಶಿ ಮಾಡುವ ದಿನ. ಬೆಳವಗಳೂ ಹಾಗೆಯೇ. ಜೊತೆಗೆ ಅವು ಕಳೆಗಿಡಗಳ ಬೀಜವನ್ನೂ ಸಾಕಷ್ಟು ತಿನ್ನುತ್ತವೆ. ಗೋವಿನಜೋಳದ ಮೊಳಕೆ ಕೀಳುವುದು ಹೆಚ್ಚಾಗಿ ಕಾಗೆ ಮತ್ತು ನವಿಲು. ತೆನೆ ಹಾಲ್ಗಾಳಾದಾಗ ಬರುವುದು ಗುಬ್ಬಿ, ಗೀಜಗ, ಗಿಳಿ. ಸೂರ್ಯಕಾಂತಿಗೂ ಗಿಳಿಯೇ ಮುಖ್ಯ ವೈರಿ. ತಿನ್ನುವುದಕ್ಕಿಂತ ಕೆಡವುವುದೇ ಹೆಚ್ಚು.

ಚಳಿಗಾಲದಲ್ಲಿ ಇನ್ನೊಂದು ಅತಿಥಿ ಬರುತ್ತದೆ. ಗುಲಾಬಿ ಮೈಯ, ಕಪ್ಪು ತಲೆಯ ಗುಲಾಬಿ ಕಬ್ಬಕ್ಕಿ. ಮಧ್ಯ ಏಷ್ಯಾದ ಕಡೆ ಮರಿ ಮಾಡಿ ನಮ್ಮಲ್ಲಿಗೆ ದೊಡ್ಡ ಹಿಂಡುಗಳಲ್ಲಿ ಬರುತ್ತದೆ. ಜೋಳದ ಹೊಲಕ್ಕೆ ಎರಗುವುದರಿಂದ ಇಂಗ್ಲಿಷಿನವರು ಇದಕ್ಕೆ ಜೋವಾರಿ ಹಕ್ಕಿ ಎಂದೇ ಹೆಸರಿಟ್ಟಿದ್ದರು. ಆದರೆ ಇದೇ ಹಕ್ಕಿ ಮಿಡತೆಗಳ ಯಮ. ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಮಿಡತೆ ತಿನ್ನಲಿ ಎಂದು ಇದಕ್ಕೆ ಕಲ್ಲಿನ ಗೂಡುಗಳನ್ನು ಕಟ್ಟಿಕೊಡುತ್ತಾರೆ.

ಅದೇ ಚೀನಾ 1958ರಲ್ಲಿ ಗುಬ್ಬಿಗಳನ್ನು ಬೆಳೆಯ ಶತ್ರು ಎಂದು ಸಾರಿ ಕೊಲ್ಲಿಸಿತ್ತು. ಗುಬ್ಬಿ ಹೋದ ಮೇಲೆ ಹುಳುಗಳ ಹಾವಳಿ ಹೆಚ್ಚಿತು. 1960ರಲ್ಲಿ ಶತ್ರುಗಳ ಪಟ್ಟಿಯಿಂದ ಗುಬ್ಬಿಯ ಹೆಸರು ತೆಗೆಯಬೇಕಾಯಿತು.

ಒಂಟಿ ಹಕ್ಕಿ, ಒಂಟಿ ಹೊಲ

ಈಗ ಆ ಹುಡುಗನ ಹದಿನೈದು ದಿನದ ಲೆಕ್ಕಕ್ಕೆ ಬರೋಣ. ಹಿರಿಯರು ಹೇಳುವಂತೆ, ಊರೆಲ್ಲ ಜೋಳ ಬಿತ್ತುತ್ತಿದ್ದ ಕಾಲದಲ್ಲಿ ಹಕ್ಕಿಯ ಕಾಟ ಇಷ್ಟಿರಲಿಲ್ಲ. ಹಾಗಾದರೆ ಹಕ್ಕಿಗಳು ಹೆಚ್ಚಾದವೆ? ಹೆಚ್ಚಾಗಲೇಬೇಕೆಂದಿಲ್ಲ. ಒಂದು ಊಹೆಯ ಲೆಕ್ಕ ಮಾಡಿ ನೋಡಿ. ಊರಿನ ಸುತ್ತ 300 ಹಕ್ಕಿಗಳಿವೆ, ಪ್ರತಿಯೊಂದೂ ದಿನಕ್ಕೆ 20 ಗ್ರಾಂ ಕಾಳು ತಿನ್ನುತ್ತದೆ ಎಂದುಕೊಳ್ಳಿ. ದಿನಕ್ಕೆ 6 ಕಿಲೋ. ಹದಿನೈದು ದಿನಕ್ಕೆ 90 ಕಿಲೋ. ಊರಿನಲ್ಲಿ 90 ಎಕರೆ ಜೋಳವಿದ್ದರೆ ಎಕರೆಗೆ ಒಂದು ಕಿಲೋ ನಷ್ಟ. ಯಾರಿಗೂ ಗೊತ್ತಾಗುವುದಿಲ್ಲ. ಕಬ್ಬಿನ ನಡುವೆ 3 ಎಕರೆ ಜೋಳ ಮಾತ್ರ ಉಳಿದಿದ್ದರೆ ಎಕರೆಗೆ 30 ಕಿಲೋ! ಹಕ್ಕಿ ಅಷ್ಟೇ, ಹಸಿವೂ ಅಷ್ಟೇ. ಹೊಲ ಮಾತ್ರ ಒಂಟಿಯಾಯಿತು.

ಕೆನ್‌ವರ್ಡ್ ಅವರ ಗಿಡುಗವನ್ನು ನೆನಪಿಸಿಕೊಳ್ಳಿ. ಒಂಟಿ ಪಾರಿವಾಳ ಗಿಡುಗಕ್ಕೆ ಸಿಕ್ಕಂತೆ ಒಂಟಿ ಹೊಲ ಹಕ್ಕಿಗೆ ಸಿಗುತ್ತದೆ. ಹಿಂಡಿನಲ್ಲಿರುವ ಹಕ್ಕಿಗೆ ಯಾವ ರಕ್ಷಣೆ ಇದೆಯೋ ಹಲವು ಹೊಲಗಳ ನಡುವಿನ ಹೊಲಕ್ಕೂ ಅದೇ ರಕ್ಷಣೆ. ಎಲ್ಲರಿಗಿಂತ ಮೊದಲು ಅಥವಾ ಎಲ್ಲರಿಗಿಂತ ತಡವಾಗಿ ಬಿತ್ತಿದವನ ತೆನೆಗೆ ಹಕ್ಕಿ ಜಾಸ್ತಿ ಏಕೆ ಎಂಬುದೂ ಇದರಿಂದ ತಿಳಿಯುತ್ತದೆ.

ನೀವೂ ಮಾಡಿ ನೋಡಬಹುದು

ದೀವದ ಪ್ರಯೋಗ ಮಾಡಲು ಬಂದೂಕು ಬೇಡ, ಬಲೆ ಬೇಡ. ಹಿಡಿಯಲು ಇಡುವ ದೀವವಲ್ಲ, ನೋಡಿ ಕಲಿಯಲು ಇಡುವ ದೀವ ಸಾಕು. ವಿಜ್ಞಾನ ಸಂಘದ ನಾಲ್ಕೈದು ಮಂದಿ ಸೇರಿದರೆ ಸುಮಾರು ಒಂದು ವಾರದಲ್ಲಿ ಮಾಡಬಹುದು.

ಮೊದಲು ಹೊಲ ಆರಿಸಿ. ಕಟಾವು ಮುಗಿದು ಕೂಳೆ ಉಳಿದಿರುವ, ಕಾಳು ಉದುರಿರುವ ಹೊಲ ಬೇಕು. ಹೊಲದ ಒಡೆಯರನ್ನು ಕೇಳಿಯೇ ಹೋಗಿ. ಪಕ್ಕದಲ್ಲಿ ತೆನೆ ನಿಂತ ಹೊಲವಿದ್ದರೆ ಬೇರೆ ಜಾಗ ನೋಡಿ. ನಿಮ್ಮ ಪ್ರಯೋಗಕ್ಕೆ ಇನ್ನೊಬ್ಬರ ಬೆಳೆ ದಂಡವಾಗಬಾರದು. (ನಾವು ಚಿತ್ರೀಕರಣದ ದಿನ ಇದನ್ನು ಯೋಚಿಸಿರಲಿಲ್ಲ. ಹುಡುಗನ ಅಪ್ಪ ಬಂದು ಎರಡು ಮಾತು ಹೇಳಿದ ಮೇಲೆ ಬುದ್ಧಿ ಬಂತು.) ಪಕ್ಷಿಧಾಮದ ಒಳಗೆ ಇಂಥ ಪ್ರಯೋಗ ಬೇಡವೇ ಬೇಡ. ಕೂಳೆ ಹೊಲದಲ್ಲಿ ಹಾವಿರುತ್ತದೆ. ಬೂಟು ಹಾಕಿಕೊಳ್ಳಿ, ಹಿರಿಯರೊಬ್ಬರು ಜೊತೆಗಿರಲಿ.

ಎರಡು ದಿನ ಬರೀ ನೋಡಿ. ಸೂರ್ಯ ಹುಟ್ಟಿದ ಮೇಲೆ ಒಂದು ಗಂಟೆ ಕುಳಿತು ಹಿಂಡುಗಳು ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಗುತ್ತವೆ ಎಂದು ಬರೆದುಕೊಳ್ಳಿ. ಪಾರಿವಾಳಗಳಿಗೂ ನಮ್ಮ ಬಸ್ಸಿನಂತೆ ರೂಢಿಯ ದಾರಿ ಇರುತ್ತದೆ. ಮರಗಳ ಸಾಲು, ಕಾಲುವೆ, ಬದುಗಳನ್ನು ಹಿಡಿದು ಬರುತ್ತವೆ. ಆ ದಾರಿಯ ಕೆಳಗಿರುವ ಹೊಲದಲ್ಲಿಟ್ಟ ಬೊಂಬೆಗೆ ಬೆಲೆ. ದಾರಿ ಬಿಟ್ಟು ಇಟ್ಟ ಬೊಂಬೆ ಬರೀ ಬೊಂಬೆ.

ದಪ್ಪ ರಟ್ಟು ಅಥವಾ ಜೇಡಿಮಣ್ಣಿನಿಂದ ಹದಿನಾರು ಬೊಂಬೆ ಮಾಡಿ. ಉದ್ದ ಒಂದು ಅಡಿಗಿಂತ ಸ್ವಲ್ಪ ಹೆಚ್ಚು. ಎಂಟು ತಲೆ ತಗ್ಗಿಸಿದವು, ಎಂಟು ಕತ್ತೆತ್ತಿದವು. ಬೂದಿ ಬಣ್ಣ ಬಳಿಯಿರಿ. ಹೊಳೆಯುವ ಬಣ್ಣ ಬೇಡ. ಹೊಳಪನ್ನು ಕಂಡರೆ ಹಕ್ಕಿ ದೂರ ಹೋಗುತ್ತದೆ.

ಹಕ್ಕಿಗಳು ಗಾಳಿಗೆ ಎದುರಾಗಿ ಇಳಿಯುತ್ತವೆ. ವಿಮಾನವೂ ಹಾಗೆಯೇ ತಾನೆ? ಆದ್ದರಿಂದ ಬೊಂಬೆಗಳ ಮುಖ ಹೆಚ್ಚುಕಡಿಮೆ ಗಾಳಿ ಬರುವ ಕಡೆಗಿರಲಿ. ಆದರೆ ಕವಾಯತಿನ ಸಾಲಿನಂತೆ ನಿಲ್ಲಿಸಬೇಡಿ. ಒಂದಕ್ಕೊಂದು ಎರಡು ಹೆಜ್ಜೆ ಅಂತರ ಇರಲಿ. ನಡುವೆ ಹತ್ತು ಹೆಜ್ಜೆಯಷ್ಟು ಜಾಗ ಖಾಲಿ ಬಿಡಿ, ಇಳಿಯುವ ಹಕ್ಕಿಗೆ ಅಂಗಳ ಬೇಕು. ನೀವು ಐವತ್ತು ಹೆಜ್ಜೆ ದೂರದಲ್ಲಿ ಕಣಿಕೆಯ ಮರೆಯಲ್ಲಿ, ಸೂರ್ಯ ಬೆನ್ನಿಗಿರುವಂತೆ, ಮಾಸಲು ಬಟ್ಟೆ ತೊಟ್ಟು ಕುಳಿತುಕೊಳ್ಳಿ. ಅಲುಗಾಡಬೇಡಿ. ಹಕ್ಕಿಗೆ ಬಣ್ಣಕ್ಕಿಂತ ಬೇಗ ಕಾಣುವುದು ಚಲನೆ.

ಮೊದಲ ದಿನ ಬೊಂಬೆ ಇಲ್ಲದೆ ನೋಡಿ. ಎರಡನೆಯ ದಿನ ತಲೆ ತಗ್ಗಿಸಿದ ಎಂಟು. ಮೂರನೆಯ ದಿನ ಕತ್ತೆತ್ತಿದ ಎಂಟು. ಆಮೇಲೆ ಇದೇ ಮೂರನ್ನು ಹಿಂದುಮುಂದಾಗಿ ಮತ್ತೆ ಮಾಡಿ. ಹತ್ತು ಹತ್ತು ನಿಮಿಷಕ್ಕೊಮ್ಮೆ ನಾಲ್ಕು ಅಂಕಿ ಬರೆಯಿರಿ: ಮೇಲೆ ಹಾದುಹೋದವು ಎಷ್ಟು, ತಿರುಗಿ ನೋಡಿದವು ಎಷ್ಟು, ಇಳಿದವು ಎಷ್ಟು, ಬೊಂಬೆಯಿಂದ ಎಷ್ಟು ಹೆಜ್ಜೆ ದೂರದಲ್ಲಿ ಇಳಿದವು. ಮತ್ತೆ ಏಕೆ ಮಾಡಬೇಕು ಎಂದು ಕೇಳಬಹುದು. ಒಂದು ದಿನ ಮೋಡ, ಒಂದು ದಿನ ಗಾಳಿ, ಒಂದು ದಿನ ಪಕ್ಕದ ಊರಿನಲ್ಲಿ ರಾಶಿ. ಒಂದೇ ದಿನದ ಅಂಕಿಯನ್ನು ನಂಬಿದರೆ ಬೊಂಬೆಯಿಂದ ಆದದ್ದೆಷ್ಟು, ಮೋಡದಿಂದ ಆದದ್ದೆಷ್ಟು ತಿಳಿಯುವುದಿಲ್ಲ. ನಿಮ್ಮ ಅಂಕಿಗಳು ಇಂಗ್ಲೆಂಡಿನ ಅಂಕಿಗಳಿಗೆ ಹೊಂದದೆ ಹೋದರೆ ಬೇಸರ ಬೇಡ. ನಮ್ಮ ಪಾರಿವಾಳ ಬೇರೆ ಜಾತಿಯದು. ಕಂಡದ್ದನ್ನು ಕಂಡಂತೆ ಬರೆಯುವುದೇ ವಿಜ್ಞಾನ.

ಕೊನೆಯ ದಿನ ಬೊಂಬೆಗಳನ್ನೆಲ್ಲ ಎತ್ತಿಕೊಂಡು ಬನ್ನಿ. ಜೀವಂತ ಹಕ್ಕಿಯನ್ನು ಕಟ್ಟಿಹಾಕಿ ದೀವ ಮಾಡುವುದು ಹಿಂಸೆ. ಅದನ್ನು ಯಾವ ಕಾರಣಕ್ಕೂ ಮಾಡಬಾರದು.

ಕಾನೂನು ಮತ್ತು ವಿಷ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂದರೆ ಗುಂಡು ಹೊಡೆಯುವುದು ಮಾತ್ರವಲ್ಲ. ಬಲೆ ಹಾಕುವುದು, ಉರುಲು ಒಡ್ಡುವುದು, ವಿಷ ಇಡುವುದು, ಆಮಿಷ ಒಡ್ಡಿ ಹಿಡಿಯುವುದು, ಮೊಟ್ಟೆ ಕದಿಯುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ನವಿಲು, ಗಿಳಿ, ಬೆಳವಗಳು ರಕ್ಷಣೆ ಪಡೆದ ಹಕ್ಕಿಗಳು. ಊರ ಪಾರಿವಾಳವೊಂದನ್ನು ಕಾಯ್ದೆಯ ಹಳೆಯ ಪಟ್ಟಿ ಹೊರಗಿಟ್ಟಿತ್ತು, ನಿಜ. ಆದರೆ ಕೀಟನಾಶಕ ಬೆರೆಸಿದ ಕಾಳಿಗೆ ಆ ಪಟ್ಟಿ ಓದಲು ಬರುವುದಿಲ್ಲ. ಪಾರಿವಾಳಕ್ಕೆಂದು ಇಟ್ಟದ್ದನ್ನು ಬೆಳವ ತಿನ್ನುತ್ತದೆ, ನವಿಲು ತಿನ್ನುತ್ತದೆ, ಮನೆಯ ಕೋಳಿ ತಿನ್ನುತ್ತದೆ. ಸತ್ತ ಹಕ್ಕಿಯನ್ನು ನಾಯಿ ತಿನ್ನುತ್ತದೆ. ಕಾಳು ಬಿದ್ದ ನೆಲದಲ್ಲಿ ಮಕ್ಕಳು ಆಡುತ್ತಾರೆ. ಕೊಂದ ಜಾಗಕ್ಕೆ ನಾಳೆ ಬೇರೆ ಹಿಂಡು ಬರುತ್ತದೆ. ಕರೆಯುತ್ತಿರುವುದು ಹೊಲದ ಕಾಳು, ಅದು ಅಲ್ಲೇ ಇದೆ.

ಹೊಲ ಕಾಯುವವರಿಗೆ ಏನು ಪ್ರಯೋಜನ?

ಹುಕ್ಕೇರಿಯ ಕಡೆಯ ಹಿರಿಯ ರೈತರೊಬ್ಬರ ಹೊಲದಲ್ಲಿ ಬೆದರುಗೊಂಬೆ ದಿನಕ್ಕೊಂದು ಜಾಗದಲ್ಲಿರುತ್ತಿತ್ತು. ಏಕೆಂದು ಕೇಳಿದಾಗ ಅಜ್ಜ ಹೇಳಿದರು: "ಬೆದರುಗೊಂಬಿ ನಿಂತಲ್ಲೇ ನಿಂತ್ರ ಹಕ್ಕಿ ಅದರ ತಲಿ ಮ್ಯಾಲ ಕುಂದರತಾವು. ಅದಕ್ಕ ಕಾಲಿಲ್ಲ, ನಾವ ನಡಸಬೇಕು." ಇಡೀ ಅಧ್ಯಾಯವೇ ಈ ಮಾತಿನಲ್ಲಿದೆ. ಏನೂ ಕೇಡಾಗದೆ ಮತ್ತೆ ಮತ್ತೆ ಕಾಣುವ ವಸ್ತುವಿಗೆ ಹೆದರುವುದನ್ನು ಹಕ್ಕಿ ಬಿಟ್ಟುಬಿಡುತ್ತದೆ. ಪಟಾಕಿ, ಡಬ್ಬ, ಹೊಳೆಯುವ ರಿಬ್ಬನ್ ಎಲ್ಲಕ್ಕೂ ಇದೇ ಗತಿ. ಆದ್ದರಿಂದ ಸಾಧನ ಬದಲಿಸಬೇಕು, ಜಾಗ ಬದಲಿಸಬೇಕು, ಬೇಕಾದ ಆ ಹತ್ತು ಹದಿನೈದು ದಿನ ಮಾತ್ರ ಬಳಸಬೇಕು.

ದೀವದಿಂದ ಕಲಿತ ಇನ್ನೊಂದು ಮಾತು ಮೊದಲ ಹಕ್ಕಿಯದು. ಹಿಂಡು ಇಳಿದ ಮೇಲೆ ಓಡಿಸುವುದು ಕಷ್ಟ. ಸುತ್ತು ಹೊಡೆದು ನೋಡುವ ಮೊದಲ ಎರಡು ಮೂರು ಹಕ್ಕಿಗಳನ್ನು ಇಳಿಯಗೊಡದಿದ್ದರೆ ಹಿಂಡು ಮುಂದೆ ಹೋಗುತ್ತದೆ. ಹಾಗಾಗಿ ಇಡೀ ದಿನದ ಕಾವಲಿಗಿಂತ ಬೆಳಗಿನ ಎರಡು ಗಂಟೆ, ಸಂಜೆಯ ಎರಡು ಗಂಟೆಯ ಎಚ್ಚರದ ಕಾವಲು ಮೇಲು. ಹಕ್ಕಿಗಳು ಹೆಚ್ಚು ಮೇಯುವುದು ಆ ಹೊತ್ತಿನಲ್ಲೇ.

ಬಿತ್ತನೆಯಲ್ಲಿ ಕೂರಿಗೆಯ ಕಾಳು ಮಣ್ಣಿನೊಳಗೆ ಸರಿಯಾಗಿ ಮುಚ್ಚಿದರೆ ಪಾರಿವಾಳಕ್ಕೆ ಸಿಗುವುದು ಕಡಿಮೆ. ಅದು ಕೋಳಿಯಂತೆ ಕೆದರುವ ಹಕ್ಕಿಯಲ್ಲ. ಹೊಲದ ತುದಿಯಲ್ಲಿ ಚೆಲ್ಲಿದ ಬೀಜ ಹಾಗೇ ಬಿಟ್ಟರೆ ಅದೇ ಮೊದಲ ಹಕ್ಕಿಗೆ ಕರೆಯೋಲೆ. ಗೋವಿನಜೋಳದ ಸಣ್ಣ ತುಂಡು ಹೊಲವಾದರೆ ಅಂಚಿನ ಸಾಲುಗಳ ತೆನೆಗೆ ಅದರದೇ ಎಲೆ ಸುತ್ತಿ ಗಿಳಿಯ ಕಣ್ಣು ತಪ್ಪಿಸಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು, ಅಕ್ಕಪಕ್ಕದವರು ಮಾತಾಡಿಕೊಂಡು ಒಂದೇ ವಾರದಲ್ಲಿ ಬಿತ್ತುವುದು, ಕಾವಲನ್ನೂ ಸರದಿಯಲ್ಲಿ ಹಂಚಿಕೊಳ್ಳುವುದು. ಹಕ್ಕಿಗಳು ಹಿಂಡಾಗಿ ಬರುವಾಗ ರೈತರು ಒಬ್ಬೊಬ್ಬರಾಗಿ ನಿಂತರೆ ಗೆಲ್ಲುವುದು ಹಿಂಡೇ.

ನಮ್ಮ ಹಿರಿಯರು ಎಳ್ಳ ಅಮವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಬೆಳೆದದ್ದರಲ್ಲಿ ಹುಳುಹುಪ್ಪಟೆಗೂ ಹಕ್ಕಿಪಕ್ಕಿಗೂ ಪಾಲಿದೆ ಎಂಬ ಒಪ್ಪಿಗೆ ಅದು. ಪಾಲು ಕೊಡಬೇಕು, ಸರಿ. ಆದರೆ ಇಡೀ ಊರಿನ ಪಾಲನ್ನು ಒಂದೇ ಹೊಲ, ಒಂದೇ ಮನೆ ಕೊಡಬೇಕಾಗಿ ಬಂದಾಗ ಆ ಮನೆಯ ಹುಡುಗ ಶಾಲೆ ಬಿಟ್ಟು ಅಟ್ಟ ಏರುತ್ತಾನೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಎಂದು 2009ರ ಕಾಯ್ದೆ ಹೇಳುತ್ತದೆ. ಹಾಲ್ಗಾಳಿನ ಹದಿನೈದು ದಿನಕ್ಕೆ ಆ ಹಕ್ಕಿನಿಂದ ರಜೆ ಇಲ್ಲ.

ನಿಮ್ಮ ತರಗತಿಯಲ್ಲೂ ಡಿಸೆಂಬರ್, ಜನವರಿಯಲ್ಲಿ ಒಂದು ಬೆಂಚು ಖಾಲಿ ಇರಬಹುದು. ಅಲ್ಲಿ ಕೂರಬೇಕಾದವನಿಗೆ ಹಕ್ಕಿಗಳ ಬಗ್ಗೆ ನಿಮ್ಮ ಪುಸ್ತಕಕ್ಕಿಂತ ಹೆಚ್ಚು ಗೊತ್ತಿರುತ್ತದೆ. ಮೊದಲು ಅವನ ಹೊಲಕ್ಕೆ ಹೋಗಿ, ಅವನಿಂದ ಕಲಿಯಿರಿ. ಬೆಳಿಗ್ಗೆ ಎರಡು ಗಂಟೆ ಕಾವಲಿಗೆ ಸರದಿಯಲ್ಲಿ ನೀವೂ ನಿಂತುಕೊಳ್ಳಿ, ನೋಡಿದ್ದನ್ನು ಬರೆದುಕೊಳ್ಳಿ. ಗಂಟೆ ಬಾರಿಸುವ ಹೊತ್ತಿಗೆ ಅವನನ್ನೂ ಕರೆದುಕೊಂಡು ಶಾಲೆಗೆ ಬನ್ನಿ. ಅವನ ಮನೆಯವರು ಒಪ್ಪಲು ಒಂದೆರಡು ದಿನ ಹಿಡಿಯಬಹುದು. ಮೊದಲ ಒಬ್ಬ ಬಂದರೆ ಉಳಿದವರು ಬರುತ್ತಾರೆ.